ಚಿಕ್ಕವ್ವನ ಎಡಗಾಲು

ನಮ್ಮ ಚಿಕ್ಕವ್ವ ಕಾಲು ಮುಂದಾಗಿ ಹುಟ್ಟಿದವಳು. ತಲೆ ಮೊದಲು ಬರುವುದು ಬಿಟ್ಟು ಎಡಗಾಲನ್ನು ಹೊರಗೆ ಚಾಚಿ, ಅರ್ಧ ದಿನ ಎಲ್ಲರ ಪ್ರಾಣ ಹಿಂಡಿ ಭೂಮಿಗೆ ಬಂದಳಂತೆ. ಸೂಲಗಿತ್ತಿ ಮಗುವನ್ನು ಒರೆಸಿ ಅವಳ ಅಜ್ಜಿಯ ಕೈಗೆ ಕೊಡುತ್ತಾ, ಈ ಕಾಲು ಜೋಪಾನ, ಊರಿಗೆ ಬೇಕಾಗುತ್ತದೆ ಅಂದಳಂತೆ. ನಮ್ಮ ಕಡೆ ಹಾಗೊಂದು ನಂಬಿಕೆ ಇದೆ. ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ, ಕಾಲು ಮುಂದಾಗಿ ಹುಟ್ಟಿದವರಿಂದ ಮೂರು ಸಲ ಒದೆಸಿಕೊಂಡರೆ ವಾಸಿಯಾಗುತ್ತದೆ ಅಂತ. ಒದೆಯುವುದು ಅಂದರೆ ನಿಜವಾಗಿ ಒದೆಯುವುದಲ್ಲ. ಅಂಗಾಲನ್ನು ಬೆನ್ನಿಗೆ ಮೆಲ್ಲಗೆ ತಾಗಿಸುವುದು, ಅಷ್ಟೆ.

ಅವಳ ಹೆಸರು ಚಿಕ್ಕಬೀರಮ್ಮ. ಕೆ.ಆರ್. ನಗರದ ಆಚೆ, ನಾಲೆಯ ಕೆಳಗಿರುವ ನಮ್ಮೂರಿಗೆ ಸೊಸೆಯಾಗಿ ಬಂದು ನಲವತ್ತೆರಡು ವರ್ಷ. ಬಸ್ ನಿಲ್ದಾಣದಲ್ಲಿ ಇಳಿದವರು ಚಿಕ್ಕಬೀರಮ್ಮನ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಾರರು. ಒದೆಯೋ ಅವ್ವನ ಮನೆ ಎಂದರೆ ಎಮ್ಮೆ ಮೇಯಿಸುವವರೂ ಕೈ ತೋರಿಸುತ್ತಾರೆ. ಭಾನುವಾರ ಬೆಳಗ್ಗೆ, ಅವಳು ಮುಖ ತೊಳೆಯುವ ಮುಂಚೆ, ನಮ್ಮ ಜಗುಲಿಯ ಮೇಲೆ ಮೂಡಲಿಗೆ ತಲೆ ಹಾಕಿ ಬೋರಲು ಮಲಗಬೇಕು. ಮೂರು ಸಲ ಎಡಗಾಲು ತಾಗಿಸುತ್ತಾಳೆ. ಎದ್ದವರು ಹಿಂದಿರುಗಿ ನೋಡಬಾರದು, ಹೋಗಿ ಬರುತ್ತೇನೆ ಎನ್ನಬಾರದು, ಏನನ್ನೂ ಕೊಡಬಾರದು.

ಪಿರಿಯಾಪಟ್ಟಣದ ಕಡೆಯಿಂದ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಲ್ಲಿ ದುಡಿದು ಬೆನ್ನು ಕಳೆದುಕೊಂಡವರು ಬರುತ್ತಿದ್ದರು. ಲಾರಿಗೆ ಕಬ್ಬು ತುಂಬುವವರು ಬರುತ್ತಿದ್ದರು. ಒಮ್ಮೆ ಬೈಲಕುಪ್ಪೆಯ ಟಿಬೆಟನ್ನರ ಮಠದಿಂದ ಕೆಂಪು ಬಟ್ಟೆಯ ಒಬ್ಬ ಸನ್ಯಾಸಿ ಆಟೋದಲ್ಲಿ ಬಂದು, ಎಲ್ಲರಂತೆ ಸಾಲಿನಲ್ಲಿ ಕೂತು, ಒದೆಸಿಕೊಂಡು ಎದ್ದವನೇ ತಿರುಗಿ ನಿಂತು ಅವಳಿಗೆ ನಡು ಬಗ್ಗಿಸಿ ಕೈಮುಗಿದುಬಿಟ್ಟ. ಚಿಕ್ಕವ್ವ ನಾಚಿ ಒಳಗೆ ಓಡಿಹೋದಳು. ಪ್ರತಿ ಭಾನುವಾರ ಎಲ್ಲರೂ ಹೋದ ಮೇಲೆ ದೇವರ ಪಟದ ಮುಂದೆ ನಿಂತು, ಯಾರ್‍ಯಾರ ಮೈಗೋ ಕಾಲು ತಾಗಿಸಿದೆ ಕಣಪ್ಪ, ಹೊಟ್ಟೆಗೆ ಹಾಕ್ಕೋ ಎಂದು ತಪ್ಪೊಪ್ಪಿಕೊಂಡ ಮೇಲೇ ಅವಳು ಕಾಫಿ ಕುಡಿಯುತ್ತಿದ್ದುದು.

ನಾನು ಶಾಂತಲಾ. ಹುಣಸೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ತಾಲ್ಲೂಕಿನ ಜನರ ರಕ್ತ, ಮೂತ್ರ, ಕಫ ನೋಡುತ್ತಾ ಬಂದವಳು. ಕೆಲಸ ಕಲಿತ ಹೊಸದರಲ್ಲಿ ಇದ್ದ ಸೊಕ್ಕು ಇನ್ನೂ ಪೂರ್ತಿ ಇಳಿದಿಲ್ಲ. ಬೆನ್ನು ಹಿಡಿದುಕೊಂಡಿದ್ದು ನಾಲ್ಕು ದಿನಕ್ಕೆ ತಾನಾಗಿ ಬಿಡುತ್ತದೆ, ನಿನ್ನ ಕಾಲಿಗೆ ಸುಮ್ಮನೆ ಹೆಸರು ಬರುತ್ತದೆ ಎಂದು ಚಿಕ್ಕವ್ವನನ್ನು ರೇಗಿಸುತ್ತಿದ್ದೆ. ಅವಳಿಗೆ ಕೋಪ ಬರುತ್ತಿರಲಿಲ್ಲ. ಬಂದವರು ನಡಕೊಂಡು ಹೋಗುತ್ತಾರಲ್ಲ, ಅದು ಸಾಕು ಎನ್ನುತ್ತಿದ್ದಳು.

ಮನೆಯಲ್ಲಿ ಇರುವುದು ಮೂರೇ ಜನ. ನನ್ನ ಅಪ್ಪ ಮಂಟಯ್ಯ, ಅವರ ತಮ್ಮನ ಹೆಂಡತಿಯಾದ ಚಿಕ್ಕವ್ವ, ಅವಳ ಮಗ ಸುನೀಲ. ಚಿಕ್ಕಪ್ಪ ತೀರಿಕೊಂಡು ಹತ್ತು ವರ್ಷವಾಯಿತು, ನನ್ನ ಅವ್ವ ಹೋಗಿ ನಾಲ್ಕು. ನಾನೊಬ್ಬಳೇ ಮಗಳು. ಎರಡೂ ಪಾಲಿನ ಗದ್ದೆಯನ್ನು ಸುನೀಲನೇ ಉಳುತ್ತಾನೆ, ಒಂದೇ ಒಲೆಯಲ್ಲಿ ಅಡುಗೆ ಆಗುತ್ತದೆ. ಅಪ್ಪನಿಗೆ ಮುದ್ದೆ ಬಡಿಸುವವಳೂ ಬಟ್ಟೆ ಒಗೆಯುವವಳೂ ಚಿಕ್ಕವ್ವನೇ. ಆದರೆ ಗಂಡನ ಅಣ್ಣನ ಮುಖ ನೋಡಿ ಅವಳು ಒಂದು ಮಾತು ಆಡಿದ್ದು ನಾನು ಕಂಡಿರಲಿಲ್ಲ. ಅಪ್ಪ ಬಂದರೆ ಸೆರಗು ಎಳೆದುಕೊಂಡು ಕಂಬದ ಮರೆಗೆ ಸರಿಯುತ್ತಾಳೆ. ಹೇಳಬೇಕಾದ್ದನ್ನು ಆ ಕಂಬಕ್ಕೇ ಹೇಳುತ್ತಾಳೆ. ಮುದ್ದೆ ಆರೋಯ್ತದೆ ಎಂದು ಅವಳು ಕಂಬಕ್ಕೆ ಹೇಳಿದರೆ ಅಪ್ಪ ಎದ್ದು ಕೈ ತೊಳೆಯುತ್ತಾರೆ. ನಲವತ್ತೆರಡು ವರ್ಷ ಆ ಮನೆ ನಡೆದದ್ದು ಹೀಗೆ.

ಅಪ್ಪ ಮಾನವಂತರು. ಇದನ್ನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಟವಲು, ಮೈಯ ಸುದ್ದಿ ಬಾಯಿಗೆ ತರದ ಮನುಷ್ಯ. ನನ್ನ ಅವ್ವ ಗರ್ಭಕೋಶದ ತೊಂದರೆಯಿಂದ ನವೆದಾಗಲೂ ಅವಳಿಗೆ ಸ್ವಲ್ಪ ಹುಷಾರಿಲ್ಲ ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ಊರಿನಲ್ಲಿ ಅವರಿಗೆ ಹೆಸರು ಇದ್ದದ್ದು ಒಟ್ಲು ಹಾಕುವುದರಲ್ಲಿ, ಅಂದರೆ ಭತ್ತದ ಸಸಿ ಮಡಿ ಮಾಡುವುದರಲ್ಲಿ. ಯಾವ ಗದ್ದೆಯ ಯಾವ ಮೂಲೆಯಲ್ಲಿ ಮಡಿ ಮಾಡಬೇಕು, ಎಷ್ಟು ನೀರು ನಿಲ್ಲಿಸಬೇಕು ಎಂದು ಕೇಳಲು ಅರ್ಧ ಊರು ಬರುತ್ತಿತ್ತು.

ಎರಡು ವರ್ಷದ ಕೆಳಗೆ ಅವರಿಗೆ ಬೆನ್ನು ನೋವು ಶುರುವಾಯಿತು. ಅದಕ್ಕೂ ಮುಂಚೆ ಅವರು ಬಿಳಿ ಪಂಚೆ ಬಿಟ್ಟು ಕಂದು ಲುಂಗಿ ಉಡತೊಡಗಿದ್ದರು. ಬಸ್ಸು ಹತ್ತುವುದನ್ನು ಆದಷ್ಟು ತಪ್ಪಿಸುತ್ತಿದ್ದರು. ಮದುವೆ ಮನೆಗಳಲ್ಲಿ ಊಟಕ್ಕೆ ಕೂರದೆ ಮುಯ್ಯಿ ಓದಿಸಿ ಬಂದುಬಿಡುತ್ತಿದ್ದರು. ಇವೆಲ್ಲ ನನ್ನ ಕಣ್ಣಿಗೆ ಬಿದ್ದಿದ್ದವು. ವಯಸ್ಸಾಯಿತು ಅಂದುಕೊಂಡೆ. ಮುಖ ಬಿಳಿಚಿಕೊಂಡಿದೆಯಲ್ಲ ಎಂದು ಒಂದು ದಿನ ಬೆರಳು ಚುಚ್ಚಿ ರಕ್ತ ನೋಡಿದೆ. ಹಿಮೋಗ್ಲೋಬಿನ್ ಎಂಟು ಇತ್ತು. ಕಬ್ಬಿಣಾಂಶದ ಮಾತ್ರೆ ತಂದುಕೊಟ್ಟು ಸೊಪ್ಪು ತಿನ್ನಿ ಎಂದೆ. ಮೂತ್ರ ಹೇಗೆ ಹೋಗುತ್ತದೆ ಎಂದು ಕೇಳಲಿಲ್ಲ. ಬಾಟಲಿ ಕೊಟ್ಟು ತುಂಬಿಸಿಕೊಂಡು ಬನ್ನಿ ಎಂದು ದಿನಕ್ಕೆ ಐವತ್ತು ಜನರಿಗೆ ಹೇಳುವ ಬಾಯಿ ನನ್ನದು. ಅಪ್ಪನ ಮುಂದೆ ಆ ಬಾಯಿ ಬರಲಿಲ್ಲ.

ನೋವು ಹೆಚ್ಚಾಯಿತು. ನೋವಿನ ಮಾತ್ರೆಯನ್ನೂ ನಾನೇ ತಂದುಕೊಟ್ಟೆ. ಹುಣಸೂರಿಗೆ ಬನ್ನಿ, ಡಾಕ್ಟರಿಗೆ ತೋರಿಸೋಣ ಎಂದರೆ, ಉಳುಕು ಕಣವ್ವ, ಒಟ್ಲಿಗೆ ಮಣ್ಣು ಎಳೆಯುವಾಗ ಹಿಡಿದುಕೊಂಡಿತು ಎಂದರು. ಕಾರ್ತಿಕ ಮಾಸದ ಒಂದು ಶನಿವಾರ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಚಿಕ್ಕವ್ವನಿಗೆ ಹೇಳು, ಒಂದು ಸಲ ಕಾಲು ತಾಗಿಸಲಿ ಎಂದರು. ಅವರ ಬಾಯಲ್ಲಿ ಇದು ಬಂದದ್ದೇ ದೊಡ್ಡದು ಎನಿಸಿತು.

ಚಿಕ್ಕವ್ವ ಒಪ್ಪಲಿಲ್ಲ. ಭಾವಯ್ಯನ ಮೈಗೆ ಕಾಲು ತಾಗಿಸುವುದೇ, ನರಕಕ್ಕೆ ಹೋಗುತ್ತೇನೆ ಎಂದಳು. ನಾನು ಹಠ ಹಿಡಿದೆ. ಇಷ್ಟು ವರ್ಷ ಅವಳ ಕಾಲನ್ನು ಕಂಡು ನಕ್ಕ ನಾನೇ, ಸುಮ್ಮನೆ ಮುಟ್ಟಿಸು ಚಿಕ್ಕವ್ವ, ಅವರ ಸಮಾಧಾನಕ್ಕೆ ಎಂದು ಬೇಡಿಕೊಂಡೆ. ಹೀಗಾದರೂ ಅಪ್ಪ ಗೊಣಗುವುದು ನಿಲ್ಲಲಿ ಎಂದಿತ್ತು ನನಗೆ. ಸತ್ಯವಾಗಿ ಹೇಳಬೇಕೆಂದರೆ, ಅವರನ್ನು ಹೊರಡಿಸಿಕೊಂಡು ಆಸ್ಪತ್ರೆಗೆ ಹೋಗುವುದಕ್ಕಿಂತ ಅದು ಸುಲಭವಾಗಿತ್ತು.

ಮಾರನೆಯ ಬೆಳಗ್ಗೆ ಅಪ್ಪ ಜಗುಲಿಯ ಮೇಲೆ ಬೋರಲು ಮಲಗಿದರು. ಚಿಕ್ಕವ್ವ ಮೊದಲು ಅವರ ಪಾದದ ಹತ್ತಿರ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಮಲಗಿದ ಕೂಸಿಗೆ ಎಚ್ಚರವಾಗದ ಹಾಗೆ ಮೂರು ಸಲ ಅಂಗಾಲು ತಾಗಿಸಿದಳು. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಅಪ್ಪ ಗೋಡೆ ಹಿಡಿದು ಎದ್ದರು, ಜಗುಲಿಯ ಮೆಟ್ಟಿಲು ಇಳಿದರು. ಎರಡನೆಯ ಹೆಜ್ಜೆಗೆ ಮಂಡಿ ಮಡಚಿ ಅಂಗಳದಲ್ಲಿ ಕೂತುಬಿಟ್ಟರು.

"ಕಾಲು ಬತ್ತಾ ಇಲ್ಲ ಕಣವ್ವ," ಎಂದರು ನನ್ನ ಮುಖ ನೋಡಿ.

ಚಿಕ್ಕವ್ವ ತನ್ನ ಎಡಗಾಲನ್ನು ಸೀರೆಯೊಳಗೆ ಎಳೆದುಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಬೆನ್ನಿನ ನಡುವಿನ ಒಂದು ಮೂಳೆ ಕುಸಿದು ನರದ ಮೇಲೆ ಕೂತಿತ್ತು. ಡಾಕ್ಟರ್ ಪ್ರಿಯಾ ಎಂಬ ಚಿಕ್ಕ ವಯಸ್ಸಿನ ಹೆಂಗಸು ನನ್ನನ್ನು ಒಬ್ಬಳನ್ನೇ ಒಳಗೆ ಕರೆದರು. ನೀವೂ ಆಸ್ಪತ್ರೆಯವರೇ ಅಲ್ಲವಾ ಎಂದು ಕೇಳಿ, ಬಿಡಿಸಿ ಹೇಳಿದರು.

ಗಂಡಸರಿಗೆ ಮೂತ್ರಕೋಶದ ಕೆಳಗೆ ದೊಡ್ಡ ನೆಲ್ಲಿಕಾಯಿಯಷ್ಟು ಒಂದು ಗ್ರಂಥಿ ಇರುತ್ತದೆ, ಪ್ರಾಸ್ಟೇಟ್ ಅಂತ. ಕ್ಯಾನ್ಸರ್ ಹುಟ್ಟಿದ್ದು ಅಲ್ಲಿ. ಅಲ್ಲಿಂದ ಕೆಲವು ಜೀವಕೋಶಗಳು ರಕ್ತಕ್ಕೆ ಇಳಿದು ಮೈಯೆಲ್ಲ ಸುತ್ತುತ್ತವೆ. ಬಹಳಷ್ಟು ದಾರಿಯಲ್ಲೇ ಸಾಯುತ್ತವೆ. ಉಳಿದವು ಹೆಚ್ಚಾಗಿ ಸೇರುವುದು ಮೂಳೆಯೊಳಗಿನ ಮಜ್ಜೆಯನ್ನು. ಮಜ್ಜೆ ಎಂದರೆ ರಕ್ತ ಹುಟ್ಟುವ ಜಾಗ. ರಕ್ತ ಹುಟ್ಟಿಸುವ ಅಲ್ಲಿನ ತಾಯಿಕೋಶಗಳು ದಾರಿ ತಪ್ಪಿ ಹೋದರೆ ವಾಪಸ್ಸು ಬರಲೆಂದು ಮಜ್ಜೆ ಸದಾ ಒಂದು ರಾಸಾಯನಿಕವನ್ನು ಸುರಿಸಿ ಕರೆಯುತ್ತಿರುತ್ತದೆ. ಕ್ಯಾನ್ಸರ್ ಕೋಶಗಳೂ ಅದೇ ಕರೆ ಕೇಳಿ ಒಳಗೆ ಬರುತ್ತವೆ, ತಾಯಿಕೋಶಗಳ ಜಾಗದಲ್ಲೇ ಕೂರುತ್ತವೆ. ಕೂತ ತಕ್ಷಣ ಬೆಳೆಯಬೇಕೆಂದಿಲ್ಲ, ವರ್ಷಗಟ್ಟಲೆ ಸುಮ್ಮನೆ ಮಲಗಿರಬಹುದು. ಎದ್ದ ಮೇಲೆ ಮೂಳೆ ಕಟ್ಟುವ ಕೋಶಗಳನ್ನು ಕೆಣಕುತ್ತವೆ. ಅವು ಬೇಕಿಲ್ಲದ ಕಡೆಯೆಲ್ಲ ಅಡ್ಡಾದಿಡ್ಡಿ ಮೂಳೆ ಕಟ್ಟುತ್ತವೆ. ಎಕ್ಸ್‌ರೇಯಲ್ಲಿ ಅದು ದಪ್ಪಗೆ ಬೆಳ್ಳಗೆ ಕಾಣುತ್ತದೆ, ಗಟ್ಟಿ ಮಾತ್ರ ಇರುವುದಿಲ್ಲ. ಪಕ್ಕದಲ್ಲಿ ಹಳೆಯ ಮೂಳೆ ಕರಗುತ್ತಾ ಹೋಗುತ್ತದೆ. ಕರಗಿದ ಮೂಳೆಯಿಂದ ಬಿಡುಗಡೆಯಾದ ಸತ್ವವನ್ನು ತಿಂದು ಕ್ಯಾನ್ಸರ್ ಇನ್ನಷ್ಟು ಬೆಳೆಯುತ್ತದೆ. ರಕ್ತ ಹುಟ್ಟಲು ಜಾಗ ಕಡಿಮೆಯಾಗುತ್ತದೆ.

ನಾನು ಕೊಟ್ಟ ಕಬ್ಬಿಣದ ಮಾತ್ರೆ ನೆನಪಾಗಿ ತಲೆ ತಗ್ಗಿಸಿದೆ. ಬೆಳಗ್ಗೆ ಒದೆಸಿಕೊಂಡ ಸಂಗತಿಯನ್ನು ನಾಚುತ್ತಲೇ ಹೇಳಿದೆ. ಡಾಕ್ಟರ್ ನಗಲಿಲ್ಲ. ಆ ಮೂಳೆ ಆಗಲೇ ಒಳಗೆ ಪೂರ್ತಿ ಹೋಗಿತ್ತು, ಬಕೆಟ್ ಎತ್ತಿದ್ದರೂ, ಜೋರಾಗಿ ಕೆಮ್ಮಿದ್ದರೂ ಕುಸಿಯುತ್ತಿತ್ತು ಎಂದರು. ಮೊದಲು ಯಾವುದಾದರೂ ತೊಂದರೆ ಇತ್ತೇ ಎಂದು ಅಪ್ಪನನ್ನು ಕೇಳಿದಾಗ, ಏನೂ ಇರಲಿಲ್ಲ ಎಂದು ಅಪ್ಪ ಹೇಳಿದ್ದರು.

ಅಪ್ಪನಿಗೆ ನಾನು ವಿಷಯ ತಿಳಿಸಿದ್ದು ಅವರ ಭಾಷೆಯಲ್ಲಿ. ಮಜ್ಜೆ ಎಂದರೆ ರಕ್ತದ ಒಟ್ಲು ಕಣಪ್ಪ, ಪೈರಿನಂತೆಯೇ ಕಾಣುವ ಹುಲ್ಲು ಅದರೊಳಗೆ ಬಂದು ಸೇರಿದೆ ಎಂದೆ. ಕೀಳಕ್ಕಾಗುತ್ತದೆಯೇ ಎಂದು ಕೇಳಿದರು. ಕಿತ್ತರೆ ಪೈರೂ ಬರುತ್ತದೆ, ಆದರೆ ಆ ಹುಲ್ಲಿಗೆ ಹೋಗುವ ನೀರನ್ನು ನಿಲ್ಲಿಸಬಹುದು ಎಂದೆ. ಆ ನೀರು ಯಾವುದು ಎಂದು ಹೇಳುವಾಗ ಮಾತ್ರ ನಾನು ಕಿಟಕಿಯ ಕಡೆ ತಿರುಗಿದೆ. ಅದು ಗಂಡಸಿನ ಹಾರ್ಮೋನು, ಅದು ಹುಟ್ಟುವುದು ಬೀಜದಲ್ಲಿ. ನರದ ಮೇಲೆ ಒತ್ತಡ ಇರುವುದರಿಂದ ತಡ ಮಾಡುವಂತಿಲ್ಲ, ಸಣ್ಣ ಆಪರೇಷನ್ ಮಾಡಿ ತೆಗೆದುಬಿಡುವುದು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರು. ಸುನೀಲನಿಗೆ ಹೇಳಬೇಡ, ಊರಿನವರಿಗೆ ಬೆನ್ನಿನ ಆಪರೇಷನ್ ಅಂತ ಹೇಳು ಎಂದು ಅಪ್ಪ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ನಾನು ಸಹಿ ಹಾಕಿದೆ. ಆಪರೇಷನ್ ಆಯಿತು, ಬೆನ್ನಿಗೆ ರೇಡಿಯೇಷನ್ ಕೊಟ್ಟರು. ಮೂರು ವಾರಕ್ಕೆ ಕಾಲಿನ ಬೆರಳು ಆಡಿದವು. ತಿಂಗಳಿಗೆ ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದರು. ಊರಿಗೆ ಕರೆದುಕೊಂಡು ಬಂದೆವು.

ಅಷ್ಟರಲ್ಲಿ ಊರು ತೀರ್ಮಾನ ಮಾಡಿ ಮುಗಿಸಿತ್ತು. ಚಿಕ್ಕಬೀರಮ್ಮ ಭಾವನ ಬೆನ್ನು ಮುರಿದಳು. ಕೆಲವರು ಇದನ್ನು ನಗುತ್ತಾ ಹೇಳಿದರು, ಕೆಲವರು ಪಾಲಿನ ಗದ್ದೆಯ ಕಡೆ ಕಣ್ಣು ಮಿಟುಕಿಸಿ ಹೇಳಿದರು. ಭಾನುವಾರ ಜಗುಲಿ ಖಾಲಿಯಾಯಿತು. ಚಿಕ್ಕವ್ವ ಎಡಗಾಲಿಗೆ ಸುನೀಲನ ಹಳೆಯ ಕಾಲುಚೀಲ ಹಾಕಿಕೊಂಡು ಓಡಾಡತೊಡಗಿದಳು. ಅಪ್ಪನ ಕೋಣೆಯ ಹೊಸ್ತಿಲಲ್ಲಿ ತಟ್ಟೆ ಇಟ್ಟು ಹೋಗುತ್ತಿದ್ದಳು. ಒಳಗೆ ಕಾಲಿಡುತ್ತಿರಲಿಲ್ಲ. ಕಂಬಕ್ಕೆ ಹೇಳುತ್ತಿದ್ದ ಮಾತೂ ನಿಂತುಹೋಯಿತು.

ನಾನು ಅವಳಿಗೆ ಏನು ಹೇಳಿದೆ? ಮೂಳೆ ಸವೆದಿತ್ತಂತೆ ಚಿಕ್ಕವ್ವ, ನಿನ್ನದೇನೂ ತಪ್ಪಿಲ್ಲ ಎಂದೆ. ಅರ್ಧ ಬಾಯಲ್ಲಿ, ಅವಳ ಮುಖ ನೋಡದೆ. ಯಾರೂ ನಂಬದ ಹಾಗೆ ಸಮಾಧಾನ ಹೇಳುವುದು ಹೇಗೆಂದು ನನ್ನಿಂದ ಕಲಿಯಬೇಕು. ಅವಳು ನಂಬಲಿಲ್ಲ. ಸವೆದ ಮೂಳೆ ಎಂದು ಗೊತ್ತಿಲ್ಲದೆ ತುಳಿದೆನಲ್ಲ ಎಂದಳು. ಕ್ಯಾನ್ಸರ್ ಎಂಬ ಮಾತು ಹೇಳಿದರೆ ಎಲ್ಲಿಯದು ಎಂದು ಕೇಳುತ್ತಾಳೆ, ಎಲ್ಲಿಯದು ಎಂದರೆ ಏನು ಆಪರೇಷನ್ ಎಂದು ಊರು ಕೇಳುತ್ತದೆ. ಅಪ್ಪನ ಮಾನಕ್ಕೆ ಚಿಕ್ಕವ್ವನ ಕಾಲನ್ನು ಅಡ್ಡ ಹಿಡಿದು ನಾನು ಹುಣಸೂರಿನ ಬಸ್ಸು ಹತ್ತಿದೆ.

ಜನವರಿಯಲ್ಲಿ ಆಸ್ಪತ್ರೆಯವರು ರೇಷನ್ ಕಾರ್ಡಿನ ಮೂಲ ಪ್ರತಿ ಕೇಳಿದರು. ಹುಡುಕುತ್ತಾ ಅಪ್ಪನ ಟ್ರಂಕು ತೆಗೆದೆ. ಮಡಚಿಟ್ಟ ಬಿಳಿ ಪಂಚೆಗಳ ಕೆಳಗೆ ಒಂದು ದೊಡ್ಡ ಲಕೋಟೆ ಇತ್ತು. ಒಳಗೆ ಮೈಸೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನ ಫಿಲ್ಮು. ಇಡೀ ಅಸ್ಥಿಪಂಜರದ ಚಿತ್ರ, ಅದರ ಬೆನ್ನಿನಲ್ಲಿ, ಪಕ್ಕೆಲುಬಿನಲ್ಲಿ, ಸೊಂಟದಲ್ಲಿ ಕಪ್ಪು ಚುಕ್ಕೆಗಳು. ಮೂಳೆಯ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಕಾಣುವುದು ಹಾಗೆ. ಮೇಲೆ ಅಪ್ಪನ ಹೆಸರು, ವಯಸ್ಸು, ತಾರೀಕು. ಜಗುಲಿಯ ಮೇಲೆ ಬೋರಲು ಮಲಗಿದ ಆ ಭಾನುವಾರಕ್ಕಿಂತ ಏಳು ತಿಂಗಳು ಹಿಂದಿನದು.

ನನಗೆ ಸಿಟ್ಟು ಬೇಗ ಬರುತ್ತದೆ. ಫಿಲ್ಮನ್ನು ಅವರ ಹಾಸಿಗೆಯ ಮೇಲೆ ಎಸೆದೆ. ಅಪ್ಪ ಅದನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಆಮೇಲೆ ತುಂಡು ತುಂಡಾಗಿ ಹೇಳಿದರು. ಮೂತ್ರದಲ್ಲಿ ರಕ್ತ ಬಂದಿತ್ತಂತೆ. ಒಬ್ಬರೇ ಬಸ್ಸಿನಲ್ಲಿ ಮೈಸೂರಿಗೆ ಹೋಗಿ, ಗುರುತಿಲ್ಲದ ಡಾಕ್ಟರಿಗೆ ತೋರಿಸಿದ್ದರಂತೆ. ಮೂಳೆಗೆ ಹೋಗಿದೆ, ಹಾರ್ಮೋನು ನಿಲ್ಲಿಸಲು ಇಂಜೆಕ್ಷನ್ ತಗೊಳ್ಳಿ, ಇಲ್ಲವಾದರೆ ಬೀಜ ತೆಗೆಸಿ ಎಂದು ಅವರು ಹೇಳಿದ್ದರಂತೆ. ಅಪ್ಪ ಮತ್ತೆ ಅತ್ತ ಹೋಗಲಿಲ್ಲ.

"ಎತ್ತಿಗೆ ಮಾಡ್ದಂಗೆ ಮಾಡ್ತೀವಿ ಅಂದ್ರು ಕಣವ್ವ. ಎಷ್ಟು ಎತ್ತಿನ ಕಾಲು ಹಿಡಿದು ಕೆಡವಿಲ್ಲ ಈ ಕೈಲಿ. ಹೆಂಗೆ ಹೇಳ್ಲಿ ನಿಂಗೆ? ಅವಳ ಕಾಲ್ನಾಗೆ ಏನಾರ ಇದ್ರೆ ಅಂಗೇ ವಾಸಿಯಾಗ್ಲಿ ಅಂತ ಮಲಗ್ದೆ."

ಗೊತ್ತಿದ್ದೂ ಮಲಗಿದ್ದರು. ಗೊತ್ತಿದ್ದೂ ಇಷ್ಟು ದಿನ ಆ ಹೆಂಗಸು ಕಾಲುಚೀಲ ಹಾಕಿಕೊಂಡು ಓಡಾಡುವುದನ್ನು ನೋಡುತ್ತಿದ್ದರು. ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ನಾನು ಬೈಯಬೇಕಿತ್ತು. ಬೈಯಲಿಲ್ಲ. ಲಕೋಟೆಯನ್ನು ಪಂಚೆಗಳ ಕೆಳಗೆ ಹಾಗೇ ಇಟ್ಟು ಟ್ರಂಕು ಮುಚ್ಚಿದೆ. ಅಲ್ಲಿಗೆ ಅವರ ಪಾಪದಲ್ಲಿ ನಾನು ಪೂರ್ತಿ ಪಾಲುದಾರಳಾದೆ.

ಮಾರ್ಚಿನಲ್ಲಿ ಚಿಕ್ಕವ್ವನಿಗೆ ತಲೆಸುತ್ತು ಬಂತು. ಸಕ್ಕರೆ ಪರೀಕ್ಷೆಗೆ ಹುಣಸೂರಿಗೆ ಕರೆಸಿಕೊಂಡೆ. ಲ್ಯಾಬಿನ ಸ್ಟೂಲಿನ ಮೇಲೆ ಕೂತು ಕೈ ಚಾಚಿದಳು. ನಾನು ಸೂಜಿ ಚುಚ್ಚುವಾಗ ಹೊರಗೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಕೇಳಿದಳು.

"ಶಾಂತಾ, ಮೂಳೆ ಮುರಿದೋರ ಮ್ಯಾಲೆ ಕೇಸ್ ಆಯ್ತದಾ?"

ಯಾಕೆ ಎಂದೆ. ಸುನೀಲನ ಮದುವೆ ಮಾತು ನಡೆಯುತ್ತಿದೆಯಂತೆ. ಹೆಣ್ಣಿನ ಕಡೆಯವರು ಬಂದವರು ಭಾವನನ್ನು ಒದ್ದವಳು ಇವಳೇನಾ ಎಂದು ಪಕ್ಕದ ಮನೆಯಲ್ಲಿ ವಿಚಾರಿಸಿ ಹಾಗೇ ಹೋದರಂತೆ. ತಾನೇ ಠಾಣೆಗೆ ಹೋಗಿ ಒಪ್ಪಿಕೊಂಡುಬಿಟ್ಟರೆ, ಎಷ್ಟು ದಿನ ಒಳಗೆ ಹಾಕಿದರೂ ಸರಿ, ಆಮೇಲೆ ಮಗನ ಮೇಲೆ ಆ ಮಾತು ಇರುವುದಿಲ್ಲವಲ್ಲ ಎಂದು ಅವಳ ಲೆಕ್ಕಾಚಾರ. ಭಾವಯ್ಯ ಒಂದು ಸಲ ಬೈದಿದ್ದರೂ ಆಗುತ್ತಿತ್ತು, ಅವರು ಬೈಯದೆ ಇರುವುದನ್ನೇ ತಡೆಯಲಾಗುತ್ತಿಲ್ಲ ಎಂದಳು. ಅವಳ ರಕ್ತ ನನ್ನ ಸಿರಿಂಜಿನಲ್ಲಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಷ್ಟು ಅಸಹ್ಯ ನನಗೆ ಯಾವ ಕೊಳಕು ಬಾಟಲಿ ತೊಳೆಯುವಾಗಲೂ ಆಗಿರಲಿಲ್ಲ.

ಆ ಮಧ್ಯಾಹ್ನವೇ ರಜೆ ಬರೆದುಕೊಟ್ಟು ಅವಳ ಜೊತೆ ಊರಿಗೆ ಬಂದೆ. ಅಪ್ಪನ ಕೋಣೆಗೆ ಹೋಗಿ, ನೀವು ಹೇಳುತ್ತೀರೋ ನಾನು ಹೇಳಲೋ ಎಂದೆ. ಠಾಣೆಯ ಮಾತನ್ನೂ ಹೇಳಿದೆ. ಅಪ್ಪ ತಲೆ ಅಲ್ಲಾಡಿಸಿದರು. ನನ್ನ ಕೈಲಾಗದು, ನೀನೇ ಹೇಳು, ನಾನು ಇಲ್ಲೇ ಇರುತ್ತೇನೆ ಎಂದು ಗೋಡೆಯ ಕಡೆ ಹೊರಳಿಕೊಂಡರು.

ಚಿಕ್ಕವ್ವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ, ಟ್ರಂಕಿನಿಂದ ಫಿಲ್ಮು ತೆಗೆದು, ಬಾಗಿಲ ಬೆಳಕಿಗೆ ಹಿಡಿದೆ. ಈ ಚುಕ್ಕೆಗಳು ನಿನ್ನ ಕಾಲು ತಾಗುವುದಕ್ಕೆ ಏಳು ತಿಂಗಳು ಮುಂಚಿನವು ಎಂದು ತಾರೀಕು ಓದಿ ಹೇಳಿದೆ. ಎಲ್ಲಿ ಹುಟ್ಟಿತು, ಹೇಗೆ ರಕ್ತಕ್ಕೆ ಇಳಿಯಿತು, ಮೂಳೆಯೊಳಗೆ ಹೇಗೆ ಮನೆ ಮಾಡಿತು, ಯಾವ ಆಪರೇಷನ್ ಆಯಿತು, ಎಲ್ಲವನ್ನೂ ಹೇಳಿದೆ. ಉಚ್ಚೆ, ಬೀಜ ಎಂಬ ಮಾತುಗಳನ್ನು ಕಿಟಕಿಯ ಕಡೆ ತಿರುಗದೆ ಅಪ್ಪನ ಕಿವಿಗೆ ಬೀಳುವ ಹಾಗೆ ನಾನು ಆಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಅಪ್ಪನ ಬೆನ್ನು ಕದಲಲಿಲ್ಲ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ನಾವಿಬ್ಬರೂ ಸೇರಿ ನಿನ್ನನ್ನು ತಪ್ಪಿತಸ್ಥೆ ಮಾಡಿದೆವು ಎಂದು ಮುಗಿಸಿದೆ. ಅವಳು ಅಳುತ್ತಾಳೆ, ಇಲ್ಲ ಶಪಿಸುತ್ತಾಳೆ ಎಂದುಕೊಂಡಿದ್ದೆ. ಶಪಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿಕ್ಕವ್ವ ಫಿಲ್ಮನ್ನು ನೋಡುತ್ತಿರಲಿಲ್ಲ. ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದಳು.

"ನಾನೂ ಕಂಡಿದ್ದೆ ಕಣವ್ವ," ಎಂದಳು. "ಅವರ ಪಂಚೆ ಒಗೆಯೋಳು ನಾನಲ್ವಾ? ಬೆನ್ನು ನೋವು ಬರಕ್ಕೆ ಮುಂಚಿಂದ್ಲೇ ಕೆಂಪು ಕಲೆ ಇರೋದು. ಒಗೆಯೋ ಕಲ್ಲಿನ ಮ್ಯಾಲೆ ನೀರು ಕೆಂಪಾಗೋದು. ಎಲೆಅಡಿಕೆ ರಸ ಬುಡು ಅಂತ ನಂಗೆ ನಾನೇ ಹೇಳ್ಕೊಂಡೆ. ಅವರು ಎಲೆಅಡಿಕೆ ಹಾಕಕಿಲ್ಲ ಅಂತ ನಂಗೊತ್ತಿಲ್ವಾ? ಆಮ್ಯಾಕೆ ಅವರು ಕಂದು ಲುಂಗಿ ಉಟ್ರು, ಕಲೆ ಕಾಣ್ದಂಗಾಯ್ತು. ಸದ್ಯ ಅಂದ್ಕೊಂಡೆ."

ಭಾವನನ್ನು ಕೇಳುವುದು ಹೇಗೆ, ಸುನೀಲನಿಗೆ ಹೇಳುವುದು ಹೇಗೆ, ಶಾಂತಲಾ ಆಸ್ಪತ್ರೆಯವಳು, ಅವಳ ಕಿವಿಗಾದರೂ ಹಾಕೋಣ ಎಂದು ಎಷ್ಟು ಭಾನುವಾರ ಬಾಯಿ ತೆರೆದು ಮುಚ್ಚಿದಳಂತೆ. ತಾನು ಕಾಲು ತಾಗಿಸಿದ್ದಕ್ಕೆ ಹೆದರಿದ್ದು ಅರ್ಧ, ಅಂದು ಬಾಯಿ ಬಿಡದಿದ್ದಕ್ಕೆ ಹೆದರಿದ್ದು ಅರ್ಧ ಎಂದಳು. ಹಾಗೆ ನೋಡಿದರೆ ಸುನೀಲನೊಬ್ಬನನ್ನು ಬಿಟ್ಟು ಆ ಮನೆಯಲ್ಲಿ ಕಾಯಿಲೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಬ್ಬರು ಅನುಭವಿಸಿದರು, ಒಬ್ಬಳು ಒಗೆದಳು, ಒಬ್ಬಳು ಬೆರಳು ಚುಚ್ಚಿ ರಕ್ತ ನೋಡಿ ಮಾತ್ರೆ ಕೊಟ್ಟಳು. ಎರಡು ವರ್ಷ ಮೂವರೂ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿದ್ದೆವು, ಅಷ್ಟು ದಿನವೂ ಅದು ಮೂಳೆಯೊಳಗೆ ಬೆಳೆಯಿತು.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕಾಲುಚೀಲ ಹಾಕಿದ ಎಡಗಾಲನ್ನೇ ಮೊದಲು ಹೊಸ್ತಿಲ ಒಳಗೆ ಇಟ್ಟು ಕೋಣೆಗೆ ಬಂದಳು. ಅಪ್ಪನ ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಲ್ಲಿ ಮಾತಾಡಲು ಕಂಬ ಇರಲಿಲ್ಲ.

"ಭಾವಯ್ಯ," ಎಂದಳು. "ಬೆಳಗ್ಗಿಂದ ಉಚ್ಚೆ ಸರಿಯಾಗಿ ಹೋಯ್ತಾ?"

ಅಪ್ಪ ಗೋಡೆಯ ಕಡೆಯೇ ಇದ್ದರು. ಹೊರಗೆ ಸುನೀಲ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದ ಸದ್ದಾಯಿತು. ಅವನು ಕೈಕಾಲು ತೊಳೆದು ಮುಗಿಸಿದ.

"ಎಲ್ಡು ಸಲ ಹೋಯ್ತು ಕಣವ್ವ," ಎಂದರು ಅಪ್ಪ. "ಉರಿ ಇಲ್ಲ."

"ಬಣ್ಣ?"

"ಬಣ್ಣನೂ ಸರಿಯಾಗೇ ಅದೆ."

ದಿನಕ್ಕೆ ಐವತ್ತು ಸಲ ನಾನು ಕೇಳುವ ಪ್ರಶ್ನೆ ಅದು. ಫಿಲ್ಮನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ.